ಕತ್ತರಿಸಿದ ಹದಿನಾಲ್ಕು ನಿಮಿಷ

ಪ್ರೀತಿಯ ಅಣ್ಣನಿಗೆ,

ನೀನು ಫೋನ್ ಎತ್ತದೆ ಎರಡು ತಿಂಗಳಾಯಿತು, ಅದಕ್ಕೇ ಈ ಕಾಗದ.

ಪಾಡ್‌ಕಾಸ್ಟ್‌ಗಳಲ್ಲಿ ಈಗ ಎಲ್ಲ ಬಗೆಯ ದನಿಗಳೂ ಬೇಕು. ಸ್ಟುಡಿಯೋದ ಮೇಡಂ, "ತೊದಲೋರು ಯಾರಾದ್ರೂ ಗೊತ್ತಾ?" ಎಂದಾಗ ನಿನ್ನನ್ನು ಕರೆತಂದೆ. ಸೈಕಲ್ ರಿಪೇರಿಯ ಬಗ್ಗೆ ನೀನು ನಲವತ್ತು ನಿಮಿಷ ಮಾತಾಡಿದೆ. ಧ್ವನಿಮುದ್ರಣದಿಂದ ಮಾತಿನ ತಡೆಗಳನ್ನು ತೆಗೆಯುವುದೇ ಅಲ್ಲಿ ನನ್ನ ದಿನನಿತ್ಯದ ಕೆಲಸ. ಕೈ ತನ್ನ ಪಾಡಿಗೆ ಕತ್ತರಿಸುತ್ತಾ ಹೋಯಿತು. ಪ್ರಸಾರವಾದದ್ದು ಇಪ್ಪತ್ತಾರು ನಿಮಿಷ, ಒಂದು ತೊದಲೂ ಇಲ್ಲದೆ.

"ಯಾರೇ ಈ ಮಹಾನುಭಾವ? ನನ್ನ ಅಂಗಡಿ ಬಗ್ಗೆ ಎಷ್ಟು ಸಲೀಸಾಗಿ ಮಾತಾಡ್ತಾನೆ!" ಎಂದು, ಅದನ್ನು ಕೇಳಿದ ನೀನು ನಕ್ಕು ಫೋನ್ ಇಟ್ಟೆ.

ಎಲ್ಲರೂ ಮೆಚ್ಚಿದರು. ತೊದಲುವ ಕೇಳುಗರೊಬ್ಬರು ಮಾತ್ರ, "ಇವರು ನಮ್ಮವರಲ್ಲ" ಎಂದು ಬರೆದರು.

ಕತ್ತರಿಸಿದ್ದನ್ನು ಊಟದ ಬಿಡುವಿನಲ್ಲಿ ಕೇಳುತ್ತೇನೆ. ಕುರ್ಚಿ ಕಿರ್ರೆನ್ನುತ್ತದೆ, ಒಂದು ಅಕ್ಷರಕ್ಕಾಗಿ ನೀನು ಉಸಿರೆಳೆದುಕೊಳ್ಳುತ್ತೀಯ. ಚಿಕ್ಕವಳಿದ್ದಾಗ ಆ ಉಸಿರು ಕೇಳಿದರೆ ಸಾಕು, ಅಣ್ಣ ಏನೋ ಹೇಳಲಿದ್ದಾನೆ ಎಂದು ಆಟ ಬಿಟ್ಟು ಓಡಿಬರುತ್ತಿದ್ದೆ.

ಗುರುವಾರ ಹನ್ನೊಂದಕ್ಕೆ ಸ್ಟುಡಿಯೋ ಖಾಲಿ ಇದೆ. ಇನ್ನೊಮ್ಮೆ ಬಾ. ಎಷ್ಟು ಹೊತ್ತಾದರೂ ಆಗಲಿ, ಏನನ್ನೂ ಕತ್ತರಿಸುವುದಿಲ್ಲ. ಕುರ್ಚಿಗೆ ಎಣ್ಣೆ ಹಾಕಲು ಬಂದವರನ್ನೂ ವಾಪಸು ಕಳಿಸಿದ್ದೇನೆ.

ನಿನ್ನ ದಾರಿ ನೋಡುತ್ತಿರುವ,
ತಂಗಿ