ಶಿಬಿರದಲ್ಲಿ ಅವ್ವ ಕೇಳಿದ್ದು

ಬೇವೂರು
21 ನವೆಂಬರ್ 2025, ಶುಕ್ರವಾರ

ಪ್ರೀತಿಯ ಮಾರೆಮ್ಮಕ್ಕನಿಗೆ ತಂಗಿ ಗಂಗಾಳ ನಮಸ್ಕಾರಗಳು.

ನಿಮ್ಮ ಮನೆಯ ಫೋನು ಎಲ್ಲರ ಕೈಗೂ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಮನೆಯ ಯಂಕೇಶ ಸಂಜೆ ಲಾರಿ ತೆಗೆದುಕೊಂಡು ಕಾರಟಗಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಅತ್ತೆಗೆ ತೋರಿಸಬೇಡ.

ಮಂಗಳವಾರ ನಮ್ಮ ಪಂಚಾಯಿತಿಯಲ್ಲಿ ಕುಡಿತ ಬಿಡಿಸುವ ಶಿಬಿರ ಇಟ್ಟಿದ್ದರು. ಕೊಪ್ಪಳದ ಸರ್ಕಾರಿ ಆಸ್ಪತ್ರೆಯಿಂದ ಡಾಕ್ಟರು ಬಂದಿದ್ದರು, ಜೊತೆಗೆ ಶಮೀನಾ ಎಂಬ ಆಪ್ತಸಮಾಲೋಚಕಿ. ನಮ್ಮ ಮನೆಯವರ ಕುಡಿತ ನಿನಗೆ ಗೊತ್ತೇ ಇದೆ. ಕಾಡಿ ಬೇಡಿ ಕರೆದುಕೊಂಡು ಹೋದೆ. ಅವ್ವನ ಮಾತನ್ನು ಅವರು ಮೀರುವುದಿಲ್ಲವೆಂದು ಅವಳನ್ನೂ ಕರೆದೆ.

ಸರದಿ ಬಂದಾಗ ಇವರು, "ನಾ ದುಡದು ದಣದು ಕುಡೀತೀನ್ರಿ, ಅದು ಚಟ ಅಲ್ಲ" ಎಂದು ಎದ್ದು ಬಾಗಿಲ ಬಳಿ ಹೋಗಿ ನಿಂತರು. ಅವ್ವ ಬಂದು ಆ ಖಾಲಿ ಕುರ್ಚಿಯಲ್ಲಿ ಕುಳಿತಳು. ಅಳಿಯನ ಪರವಾಗಿ ಏನೋ ಹೇಳುತ್ತಾಳೆಂದುಕೊಂಡೆ. ಸೆರಗು ಸರಿಮಾಡಿಕೊಂಡು, "ಹೆಣ್ಮಕ್ಕಳಿಗೂ ಗುಳಿಗಿ ಕೊಡ್ತೀರೇನ್ರಿ?" ಎಂದು ಕೇಳಿದಳು.

"ಯಾರಿಗೆ ಬೇಕಿತ್ತು ಯವ್ವಾ?" ಎಂದರು ಶಮೀನಾ.

"ನನಗರಿ."

ಅಪ್ಪ ತೀರಿಕೊಂಡ ಮೇಲೆ ನಿದ್ದೆ ಬಾರದೆ ಕುಡಿತ ಶುರುವಾಯಿತಂತೆ. ಈಗ ಬೆಳಿಗ್ಗೆ ಒಂದು ಪಾಕೀಟು ಕುಡಿಯದಿದ್ದರೆ ಕೈ ನಡುಗಿ ಕುಡಗೋಲು ಹಿಡಿಯಲಾಗದಂತೆ. ಒಂದೇ ಸೂರಿನಡಿ ಇದ್ದೇವೆ ಅಕ್ಕ, ನನಗೆ ಗೊತ್ತೇ ಆಗಲಿಲ್ಲ. ಮನೆಯಲ್ಲಿ ಸೆರೆಯ ವಾಸನೆ ಬಂದಾಗಲೆಲ್ಲ ಇವರನ್ನೇ ಬೈದೆ. ಅವ್ವ ಪಕ್ಕದಲ್ಲಿ ಕುಳಿತು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಇವರಿಗೆ ಗೊತ್ತಿತ್ತೋ ಏನೋ. ಕೇಳಿದರೆ ಮಾತು ತಪ್ಪಿಸುತ್ತಾರೆ.

ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಆಸ್ಪತ್ರೆಯಲ್ಲಿದ್ದೇ ಬಿಡಬೇಕು ಎಂದರು ಡಾಕ್ಟರು. ಜೊತೆಗೊಬ್ಬರು ಇರಬೇಕಂತೆ. ಕೂಸಿಗೆ ಮೂರು ದಿನದಿಂದ ಜ್ವರ, ನಾನು ಹೇಗೆ ಹೋಗಲಿ? "ಅತ್ತಿನ್ನ ನಾ ಕರಕೊಂಡ ಹೋಗ್ತೀನಿ" ಎಂದು ಇವರೇ ಬುಧವಾರ ಹೊರಟರು. ಬಸ್‌ಸ್ಟ್ಯಾಂಡಿನಲ್ಲಿ ಕಳಿಸುವಾಗ ನಮ್ಮ ಓಣಿಯ ಶಾಂತಕ್ಕ ಸಿಕ್ಕು ಎಲ್ಲಿಗೆಂದು ಕೇಳಿದಳು. ಕಣ್ಣಿನ ಆಪರೇಷನ್ನಿಗೆ ಅಂದೆ. ಅವ್ವ, "ಕಣ್ಣು ಛಲೋ ಅದಾವು. ಸೆರೆ ಬಿಡಾಕ ಹೊಂಟೀನಿ" ಎಂದುಬಿಟ್ಟಳು. ನಾನು ಅವಸರದಲ್ಲಿ ಅವಳನ್ನು ಬಸ್ ಹತ್ತಿಸಿದೆ.

ಅಂದಿನಿಂದ ನನ್ನ ತಲೆ ನನ್ನ ಹಿಡಿತದಲ್ಲಿಲ್ಲ. ಇಷ್ಟು ದಿನ ಮುಚ್ಚಿಟ್ಟಳಲ್ಲ ಎಂದು ಸಿಟ್ಟು ಬರುತ್ತದೆ. ಅಷ್ಟು ಜನರೆದುರು ಬಾಯಿಬಿಟ್ಟು ಕೇಳಿದಳಲ್ಲ ಎಂದು ಎದೆ ತುಂಬಿ ಬರುತ್ತದೆ. ಕುಡಿಯುವವರ ಕೈಯಲ್ಲೇ ಅವಳನ್ನು ಕಳಿಸಿಕೊಟ್ಟೆ. ಇಬ್ಬರೂ ಆಸ್ಪತ್ರೆ ಬಿಟ್ಟು ಯಾವುದಾದರೂ ಅಂಗಡಿ ಮುಂದೆ ಕುಳಿತಿದ್ದರೆ? ಅನ್ನ ಬಡಿಸಿಕೊಂಡು ಉಣ್ಣುವುದನ್ನೇ ಮರೆಯುತ್ತೇನೆ. ನಿನಗೆ ತಿಳಿಸಬಾರದೆಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು, ಅದನ್ನೂ ಮುರಿದೆ. ನಾಲ್ಕು ದಿನ ಬೇವೂರಿಗೆ ಬಂದು ನನ್ನ ಜೊತೆ ಇರುತ್ತೀಯಾ?

ನಿನ್ನ ತಂಗಿ
ಗಂಗಾ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಶಮೀನಾ ಅವರ ಫೋನು ಬಂತು. ಅವ್ವ ಗಂಜಿ ಕುಡಿದಿದ್ದಾಳೆ. ಇವರು ವಾರ್ಡಿನ ವರಾಂಡದಿಂದ ಆಚೆ ಕಾಲಿಟ್ಟಿಲ್ಲವಂತೆ. ಬೆಳಿಗ್ಗೆ ಡಾಕ್ಟರ ಮುಂದೆ ನಡುಗುತ್ತ ನಿಂತು, "ನಮ್ಮತ್ತೀಗೆ ಕೊಟ್ಟ ಗುಳಿಗಿ ನನಗೂ ಕೊಡ್ರಿ" ಎಂದರಂತೆ. ಅವರಿಗೂ ಹಾಸಿಗೆ ಕೊಟ್ಟಿದ್ದಾರೆ. ಈಗ ಇಬ್ಬರನ್ನೂ ನೋಡಿಕೊಳ್ಳುವವರು ಬೇಕು. ಬೇವೂರಿಗೆ ಬರಬೇಡ ಅಕ್ಕ, ನೇರ ಕೊಪ್ಪಳಕ್ಕೆ ಬಾ. ಜ್ವರದ ಕೂಸನ್ನೂ ಅಲ್ಲೇ ತೋರಿಸಿದರಾಯಿತು, ಎತ್ತಿಕೊಂಡು ನಾನೂ ಹೊರಟೆ.