ಪೆಟ್ಟಿಗೆ ಬಂದ ತಾರೀಖು

ಮಾರ್ಚ್ 4, ಬೆಳಿಗ್ಗೆ 9.20

ಮೊದಲು ದರ, ಆಮೇಲೆ ಕಾಫಿ. ಈ ಆಮದು ಕಂಪನಿಯಲ್ಲಿ ಸುತ್ತೋಲೆ ಬರೆಯುವ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಿಂದ ಇದೇ ಕ್ರಮ. ಡಾಲರಿಗೆ ಇವತ್ತು 83.10. ಶುಕ್ರವಾರ 79.60 ಇತ್ತು. ನಮ್ಮ ಹಣ ಎರಡು ದಿನ ರಜೆಯಲ್ಲಿ ಮಲಗಿತ್ತು, ಏಳುವಾಗಲೇ ಬಿದ್ದಿದೆ.

ಕಾಫಿ ಬರುವ ಮೊದಲೇ ದಶಾಂಶ ಬಂದ. ನಮ್ಮ ಮ್ಯಾನೇಜರ್. ಯಾವುದನ್ನೂ ಎರಡು ದಶಾಂಶ ಸ್ಥಾನವಿಲ್ಲದೆ ಹೇಳುವುದಿಲ್ಲ, ಅದಕ್ಕೇ ಆಫೀಸಿನಲ್ಲಿ ಆ ಹೆಸರು.

“ಸರ್, ಗೇಮ್ ಕನ್ಸೋಲ್ ರೇಟ್ ಏರಿಸ್ತಿದೀವಿ. 42.00 ಸಾವಿರದಿಂದ 46.50 ಸಾವಿರಕ್ಕೆ. 12.00ರೊಳಗೆ ಸರ್ಕ್ಯುಲರ್ ಕೊಡಿ. ನಿಮ್ಮ ಸಹಿ ಇದ್ರೆ ಡೀಲರುಗಳು ಸುಮ್ಮನಾಗ್ತಾರೆ.”

“ಗೋಡೌನಲ್ಲಿರೋದು ಡಿಸೆಂಬರ್ ಸ್ಟಾಕು. ಡಾಲರ್ 78 ಇದ್ದಾಗ ತಂದಿದ್ದು.”

“ಮುಂದಿನ ಕಂಟೇನರ್ 78.00ರಲ್ಲಿ ಬರುತ್ತಾ ಸರ್?”

ಬರುವುದಿಲ್ಲ. ಬರೆದೆ. ಹಣ ಬಿದ್ದದ್ದು ನೂರಕ್ಕೆ ನಾಲ್ಕು ಚಿಲ್ಲರೆ, ಬೆಲೆ ಏರಿದ್ದು ಹತ್ತರ ಮೇಲೆ. ಆ ಲೆಕ್ಕ ಬರೆಯಲಿಲ್ಲ. ಬರೆದದ್ದು ಇದು: “ಬೆಲೆಯು ಸರಕು ಬಂದ ದಿನದ ದರವನ್ನಲ್ಲ, ಮಾರುವ ದಿನದ ದರವನ್ನು ಅನುಸರಿಸುತ್ತದೆ.” ಎರಡು ಸಲ ಓದಿಕೊಂಡೆ. ಎಲ್ಲೂ ಬಿರುಕಿಲ್ಲದ ವಾಕ್ಯ. ಸಣ್ಣದೊಂದು ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಲಿ.

ಮಾರ್ಚ್ 5, ಸಂಜೆ

ನಾನು ಇರುವುದು ಅಕ್ಕನ ಅಂಗಡಿಯ ಮೇಲಿನ ಕೋಣೆಯಲ್ಲಿ. ಭಾವ ಹೋದ ಮೇಲೆ ಅಂಗಡಿ ಅವಳದೇ — ಗೇಮ್, ಕನ್ಸೋಲ್, ರಿಮೋಟ್ ರಿಪೇರಿ. ನಮ್ಮ ಕಂಪನಿಯ ಎಂಬತ್ನಾಲ್ಕು ಡೀಲರುಗಳಲ್ಲಿ ಒಬ್ಬಳು. ನನ್ನ ಸುತ್ತೋಲೆಯನ್ನು ಗೋಡೆಗೆ ಪಿನ್ ಮಾಡಿದ್ದಾಳೆ.

“ಲೋ, ಏನೋ ಇದು? ಮೊನ್ನೆ ತಂದ ಪೆಟ್ಟಿಗೆನೇ ಇವತ್ತು ಬೇರೆ ರೇಟಾ? ಪೆಟ್ಟಿಗೆ ಒಳಗೆ ಏನಾದ್ರೂ ಮರಿ ಹಾಕಿದೆಯಾ?”

“ಓದು. ಎಲ್ಲ ಬರ್ದಿದೀನಿ.”

“ಓದ್ದೆ. ಚೆನ್ನಾಗಿ ಬರ್ದಿದೀಯ. ಅದಕ್ಕೇ ಸಿಟ್ಟು ಬರೋದು.”

ಡ್ರಾಯಿಂಗ್ ಮೇಷ್ಟ್ರು ಕೌಂಟರಿನ ಮುಂದೆ ನಿಂತಿದ್ದರು. ನಿವೃತ್ತರು. ಗಂಡ ಹೆಂಡತಿ ದಿನಾ ಸಂಜೆ ಕಾರ್ ರೇಸ್ ಆಡುತ್ತಾರೆ. ಅವರ ಹಳೆಯ ಕನ್ಸೋಲ್ ಸತ್ತಿದೆ. “ಮೂರು ವರ್ಷದಿಂದ ನನ್ನ ಸೋಲಿಸ್ತಾ ಇದ್ದಾಳೆ,” ಅಂದರು. “ಸೇಡು ತೀರಿಸ್ಕೊಳ್ಳೋ ಹೊತ್ತಿಗೆ ಇದು ಕಣ್ಣು ಮುಚ್ತು. ಇರ್ಲಿ, ಕಾಯ್ತೀನಿ. ಬಿದ್ದಿದ್ದು ಏಳ್ಲೇಬೇಕಲ್ವಾ?”

ಆಗಸ್ಟ್ 12

ಐದು ತಿಂಗಳು ಏನೂ ಬರೆದಿಲ್ಲ. ದರ 83ರ ಸುತ್ತ ಮುದುಡಿಕೊಂಡಿತ್ತು, ನಾನೂ.

ಇವತ್ತು 79.05. ಹತ್ತು ದಿನದಿಂದ ಇಳಿಯುತ್ತಲೇ ಇದೆ. ನಮ್ಮ ಹಣ ಎದ್ದು ಕೂತಿದೆ.

ಊಟದ ಹೊತ್ತಿಗೆ ಅಕ್ಕ ಇಪ್ಪತ್ತು ಕನ್ಸೋಲಿಗೆ ಆರ್ಡರ್ ಬರೆಯುತ್ತಿದ್ದಳು. ತಡೆದೆ.

“ಎರಡು ವಾರ ತಾಳು. ರೇಟ್ ಇಳಿಯುತ್ತೆ.”

“ದಶಾಂಶ ಹೇಳಿದನಾ?”

“ಅವನ್ಯಾಕೆ ಹೇಳ್ಬೇಕು? ಮಾರುವ ದಿನದ ದರ ಅಂತ ಗೋಡೆ ಮೇಲೆ ಇದೆಯಲ್ಲ. ನಾನೇ ಬರ್ದಿದ್ದು.”

ಪೆನ್ನಿನ ಮುಚ್ಚಳ ಹಾಕಿದಳು. ನನ್ನನ್ನು ನಂಬಿದಳು. ನಾನು ನನ್ನ ವಾಕ್ಯವನ್ನು ನಂಬಿದ್ದೆ.

ಆಗಸ್ಟ್ 20

77.90. ಅಂಗಡಿಯ ಮುಂದೆ ಕಪ್ಪು ಹಲಗೆ, ಅಕ್ಕನ ದುಂಡು ಅಕ್ಷರ: “ಮುಂದಿನ ವಾರದಿಂದ ಹಳೇ ಬೆಲೆ — 42,000.” ಹನ್ನೊಂದು ಜನ ಹೆಸರು ಬರೆಸಿ ಹೋಗಿದ್ದಾರೆ. ಮೊದಲ ಹೆಸರು ಮೇಷ್ಟ್ರದು. ಹೆಂಡತಿಗೆ ಈಗಿಂದಲೇ ಸವಾಲು ಹಾಕಿದ್ದಾರಂತೆ.

ಆಗಸ್ಟ್ 26, ಮಧ್ಯಾಹ್ನ

77.35. ಇಳಿಕೆಯ ಸುತ್ತೋಲೆ ನಾನೇ ಸಿದ್ಧ ಮಾಡಿ ಒಯ್ದೆ. ದಶಾಂಶ ಓದಲೂ ಇಲ್ಲ.

“ಇಳಿಸಲ್ಲ ಸರ್. ಹಳೇ ಸ್ಟಾಕು 83.10ರಲ್ಲಿ ತಂದಿದ್ದು. ಬಂದ ದಿನದ ದರ ನೋಡ್ಬೇಕಲ್ವಾ?”

“ಮಾರ್ಚಲ್ಲಿ ಮಾರುವ ದಿನದ ದರ ಅಂದಿದ್ವಿ.”

“ಅದು ಮಾರ್ಚ್ ಸರ್.”

ನಗಲಿಲ್ಲ ಅವನು. ನಕ್ಕಿದ್ದರೆ ಹೊಡೆಯಬಹುದಿತ್ತು. ಹೊಡೆಯುತ್ತಿದ್ದೆನೇ? ಇಲ್ಲ. ಮೇಜಿಗೆ ಮರಳಿ ಬಂದು ಬರೆದೆ: “ಬೆಲೆಯು ಮಾರುವ ದಿನದ ದರವನ್ನಲ್ಲ, ಸರಕು ಬಂದ ದಿನದ ದರವನ್ನು ಅನುಸರಿಸುತ್ತದೆ.” ಹಳೆಯ ವಾಕ್ಯವನ್ನೇ ತಿರುವಿ ಹಾಕಿದರೆ ಸಾಕಾಯಿತು, ದೋಸೆಯ ಹಾಗೆ. ಕೈಗೆ ನಾಚಿಕೆ ಇರುವುದಿಲ್ಲ. ಸಹಿ ಎಂದಿಗಿಂತ ಚೆನ್ನಾಗಿ ಬಂತು.

ಅಕ್ಕನಿಗೆ ಫೋನ್ ಮಾಡಿ ಹೇಳಬೇಕಿತ್ತು. ಸುತ್ತೋಲೆ ಹೇಳುತ್ತದೆ ಅಂದುಕೊಂಡೆ.

ಆಗಸ್ಟ್ 27

ಮೆಟ್ಟಿಲ ಮೇಲೆಯೇ ನಿಂತು ಎಲ್ಲ ನೋಡಿದೆ. ಇಳಿಯಲಿಲ್ಲ.

ಹನ್ನೊಂದರಲ್ಲಿ ಎಂಟು ಜನ ಬಂದಿದ್ದರು; ಅವರಿಗೆಂದು ಅಕ್ಕ ತರಿಸಿದ ಪೆಟ್ಟಿಗೆಗಳ ಮೇಲೆ ಚೀಟಿ 46,500. ಒಬ್ಬ ಬಸ್ ಡ್ರೈವರ್ ಕೌಂಟರ್ ಬಡಿದ. “ಇಳಿಯುತ್ತೆ ಅಂತ ಬೋರ್ಡ್ ಹಾಕಿ ಜನ ಸೇರಿಸೋದು, ಆಮೇಲೆ ಕೈ ಎತ್ತೋದು! ಒಳ್ಳೇ ವ್ಯಾಪಾರ ಕಣಮ್ಮ ನಿಂದು!” ಅಕ್ಕನೂ ಕಡಿಮೆಯಿಲ್ಲ. “ನಿನ್ನ ಬಸ್ಸು ಹೇಳಿದ ಟೈಮಿಗೆ ಯಾವತ್ತಾದ್ರೂ ಬಂದಿದೆಯೇನಯ್ಯಾ?” ಎಂದಳು. ಯಾರೋ ನಕ್ಕರು. ಅವಳು ನಗಲಿಲ್ಲ.

ಮೇಷ್ಟ್ರು ಹೊರಗೆ ಹೋದರು. ಜೇಬಿನಿಂದ ಕರವಸ್ತ್ರ ತೆಗೆದು ಹಲಗೆಯನ್ನು ಒರೆಸಿದರು — ಎಡದಿಂದ ಬಲಕ್ಕೆ, ಸಾಲು ಸಾಲಾಗಿ, ಮೂವತ್ತು ವರ್ಷ ತರಗತಿಯಲ್ಲಿ ಒರೆಸಿದ ಹಾಗೆ. ಕರವಸ್ತ್ರ ಮಡಚಿಕೊಂಡು ನಡೆದರು.

ಬಸ್ ಡ್ರೈವರಿಗೆ ಉತ್ತರ ಕೊಟ್ಟವಳು ಅದನ್ನು ನೋಡಿ ಸ್ಟೂಲಿನ ಮೇಲೆ ಕುಸಿದಳು.

ಸೆಪ್ಟೆಂಬರ್ 2

ಡೀಲರುಗಳ ಸಭೆ. ವೇದಿಕೆಯಲ್ಲಿ ದಶಾಂಶ, ಪಕ್ಕದಲ್ಲಿ ನಾನು, ಮುಂದೆ ನೀರಿನ ಬಾಟಲಿ.

“ಯಾರಿಗಾದ್ರೂ ಪ್ರಶ್ನೆ ಇದೆಯಾ?” ಎಂದ ದಶಾಂಶ. ಇರುವುದಿಲ್ಲ ಎನ್ನುವ ದನಿಯಲ್ಲಿ.

ನಾಲ್ಕನೇ ಸಾಲಿನಲ್ಲಿ ಅಕ್ಕ ಎದ್ದಳು. ಕೈಯಲ್ಲಿ ಎರಡು ಕಾಗದ. ಪಿನ್ನಿನ ತೂತು ಇಲ್ಲಿಂದಲೇ ಕಂಡಿತು. ಮಾರ್ಚಿನದನ್ನು ಓದಿದಳು. ಆಗಸ್ಟಿನದನ್ನು ಓದಿದಳು. ನಡುವೆ ಒಂದು ಮಾತನ್ನೂ ಸೇರಿಸಲಿಲ್ಲ. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು.

“ಎರಡರಲ್ಲೂ ನಿಮ್ಮ ಸಹಿ ಇದೆ,” ನನ್ನನ್ನೇ ನೋಡಿ ಅಂದಳು. “ನೀವೇ ಹೇಳಿ ಸಾಹೇಬರೇ. ಯಾವ ದಿನದ ದರ? ನಾನು ಹನ್ನೊಂದು ಜನಕ್ಕೆ ಮಾತು ಕೊಟ್ಟು ಕೂತಿದೀನಿ.”

ನೀವು. ಸಾಹೇಬರೇ. ನಲವತ್ತೊಂಬತ್ತು ವರ್ಷದಲ್ಲಿ ಅವಳು ನನಗೆ ಬಹುವಚನ ಹಚ್ಚಿದ್ದು ಇದೇ ಮೊದಲು. ಕಪಾಳಕ್ಕೆ ಹೊಡೆದಿದ್ದರೆ ವಾಸಿ ಇತ್ತು.

“ಹಳೆಯ ಸ್ಟಾಕ್...” ಅಂದೆ. ನೀರು ಕುಡಿದೆ. 

ಸಂಜೆ ಕೋಣೆಯ ಬಾಗಿಲಲ್ಲಿ ಊಟದ ಡಬ್ಬಿ ಇತ್ತು. ಬಿಸಿಯಾಗಿತ್ತು. ಅಕ್ಕ ಬಾಗಿಲು ಬಡಿದು ಕರೆದಿರಲಿಲ್ಲ.

ಸೆಪ್ಟೆಂಬರ್ 3, ಬೆಳಿಗ್ಗೆ 10

ದಶಾಂಶ: “ನಿಮ್ಮ ಸಿಸ್ಟರ್ ಡೀಲರ್‌ಶಿಪ್ ಕ್ಯಾನ್ಸಲ್ ಮಾಡ್ತಿದೀವಿ ಸರ್. ಶಿಸ್ತಿನ ವಿಷಯ. ಲೆಟರ್ ನೀವೇ ಬರೀರಿ, ಬೇರೆಯವರು ಬರೆದ್ರೆ ಒರಟಾಗುತ್ತೆ. ನಾಳೆ 10.00ಕ್ಕೆ ನನ್ನ ಟೇಬಲ್ ಮೇಲಿರ್ಲಿ.”

ಅಂಗಡಿಯ ಮುಕ್ಕಾಲು ಪಾಲು ನಮ್ಮ ಪೆಟ್ಟಿಗೆಗಳೇ. ಆ ಕಾಗದ ಹೋದರೆ ಶಟರ್ ಎಳೆಯುವುದೊಂದೇ ದಾರಿ. ಅದನ್ನು ಮೃದುವಾಗಿ ಬರೆಯಬೇಕಂತೆ. ಮೆತ್ತಗೆ ಕತ್ತು ಹಿಸುಕುವ ಕೆಲಸಕ್ಕೆ ಹನ್ನೊಂದು ವರ್ಷದ ಅನುಭವ ಇದ್ದವನು ನಾನೊಬ್ಬನೇ.

ಅದೇ ದಿನ, ಮಧ್ಯಾಹ್ನ 3

ಸಿಟ್ಟು ಎಲ್ಲಿಡುವುದು ತಿಳಿಯದೆ ಗೋಡೌನಿಗೆ ಇಳಿದೆ. ಗೋಂದಣ್ಣ ಇದ್ದ. ಪೆಟ್ಟಿಗೆಗಳಿಗೆ ಬೆಲೆಯ ಚೀಟಿ ಅಂಟಿಸುವವನು. ಬೆರಳು ಸದಾ ಅಂಟಂಟು, ಕೈ ಕುಲುಕಿದವರು ಎರಡನೇ ಸಲ ಕುಲುಕುವುದಿಲ್ಲ.

“83ರ ಸ್ಟಾಕ್ ಎಷ್ಟು ಉಳಿದಿದೆ?” ಸುಮ್ಮನೆ ಕೇಳಿದೆ.

“ಎಲ್ಲೀದು ಸ್ವಾಮಿ? ಅದು ಜುಲೈಯಲ್ಲೇ ಖಾಲಿ.”

“ಮತ್ತೆ ಇದು?”

ಎದುರಿಗೆ ಸೂರಿನವರೆಗೆ ಪೆಟ್ಟಿಗೆ. ಗೋಂದಣ್ಣ ಒಂದನ್ನು ಇಳಿಸಿದ. 46,500ರ ಚೀಟಿಯನ್ನು ಮೂಲೆಯಿಂದ ಉಗುರಿನಲ್ಲಿ ಎತ್ತಿದ. ಹರಿಯದೆ ಬಂತು. ಅದರ ಕೆಳಗೆ ಸರಕು ಇಳಿದಾಗ ಹಾಕುವ ಮುದ್ರೆ: ಆಗಸ್ಟ್ 20.

ಹಣ ಕಟ್ಟುವುದು ಸರಕು ಇಳಿದ ದಿನವೇ. ಅವತ್ತು 77.90. ನನ್ನ ದಿನಚರಿಯಲ್ಲೇ ಇದೆ.

ಅಂದರೆ ಬಂದ ದಿನದ ದರ ಹಿಡಿದರೂ ಇಳಿಯಬೇಕು, ಮಾರುವ ದಿನದ್ದು ಹಿಡಿದರೂ ಇಳಿಯಬೇಕು. ತಿರುವಿ ಹಾಕಿದ ವಾಕ್ಯವೂ ಸುಳ್ಳು.

“ಚೀಟಿ ಮುದ್ರೆ ಮೇಲೇ ಅಂಟಿಸು ಅಂದ್ರು ಮ್ಯಾನೇಜರು,” ಅಂದ ಗೋಂದಣ್ಣ. “ಅಂಟಿಸ್ದೆ. ಮೂಲೆಗೆ ಮಾತ್ರ ಗೋಂದು ಹಾಕ್ದೆ. ಆಫೀಸಿನೋರು ಯಾರಾದ್ರೂ ಬಂದು ಕೇಳ್ತಾರೆ ಅಂತ.”

“ಯಾರಾದ್ರೂ ಕೇಳಿದ್ರಾ?”

“ನೀವೇ ಮೊದಲು. ಆಫೀಸಿಂದ ಇಲ್ಲಿಗೆ ಹದಿನಾರು ಮೆಟ್ಟಿಲು ಅಲ್ವಾ ಸ್ವಾಮಿ?”

ಹದಿನಾಲ್ಕು. ಏರುವಾಗ ಎಣಿಸಿದೆ.

ಸೆಪ್ಟೆಂಬರ್ 4, ಬೆಳಿಗ್ಗೆ 9.25

ದರ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

9.10ಕ್ಕೆ ಸುತ್ತೋಲೆ ಹೋಯಿತು. ಎಂಬತ್ನಾಲ್ಕು ಡೀಲರುಗಳಿಗೂ. ದಶಾಂಶ ಕೇಳಿದ ಕಾಗದ ಅಲ್ಲ. ಮೂರೇ ಸಾಲು:

“ನಿಮಗೆ ಈಚೆಗೆ ಬಂದ ಪೆಟ್ಟಿಗೆಯ ಬೆಲೆಯ ಚೀಟಿಯನ್ನು ಮೂಲೆಯಿಂದ ಎತ್ತಿ ನೋಡಿ. ಕೆಳಗಿರುವ ತಾರೀಖಿನಂದು ಡಾಲರಿಗೆ 77.90 ಇತ್ತು. ಮಾರ್ಚ್ ಮತ್ತು ಆಗಸ್ಟಿನ ಎರಡೂ ಸುತ್ತೋಲೆಗಳನ್ನು ಬರೆದವನು ನಾನು, ಎರಡನ್ನೂ ನಂಬಬೇಡಿ.”

ಒಳ್ಳೆಯ ವಾಕ್ಯಗಳಲ್ಲ. ಕೊನೆಯದು ಕುಂಟುತ್ತದೆ. ತಿದ್ದಲಿಲ್ಲ. ಸಹಿ ವಕ್ರವಾಗಿದೆ.

ಹತ್ತು ನಿಮಿಷದಿಂದ ಆಫೀಸಿನ ಎಲ್ಲ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳುತ್ತಿವೆ. ಗಾಜಿನ ಆಚೆ ದಶಾಂಶ ನಿಂತೇ ಮಾತಾಡುತ್ತಿದ್ದಾನೆ, ಕಿವಿ ಕೆಂಪಾಗಿದೆ. ಒಂದು ಕೈಯಿಂದ ನನ್ನನ್ನು ಕರೆಯುತ್ತಿದ್ದಾನೆ. ಹೋಗುತ್ತೇನೆ. ಡ್ರಾಯರ್ ಖಾಲಿ ಮಾಡಿ ಆಯಿತು: ಒಂದು ಲೋಟ, ಕನ್ನಡಕದ ಪೆಟ್ಟಿಗೆ, ಈ ಪುಸ್ತಕ.

ನನ್ನ ಮೊಬೈಲು. ಅಕ್ಕ.

ಹಿಂದೆ ಅಂಗಡಿಯ ಗದ್ದಲ. ಮೇಷ್ಟ್ರ ದನಿ ಇತ್ತೇ? ಇದ್ದ ಹಾಗಿತ್ತು.

“ಲೋ.”

“ಹೇಳಕ್ಕಾ.”

“ಚೀಟಿ ಎತ್ತಿ ನೋಡ್ದೆ ಕಣೋ.” ಮೂಗಿನಲ್ಲಿ ಉಸಿರೆಳೆದಳು. ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಹಲ್ಲು ಕಚ್ಚಿಕೊಂಡಿದ್ದಳು. “ಮಾರ್ಚಲ್ಲೂ ಗೊತ್ತಿತ್ತಲ್ವೇನೋ ನಿಂಗೆ? ಆಗಿನ ಪೆಟ್ಟಿಗೆಗಳು ಡಿಸೆಂಬರಿಂದು ಅಂತ, ಮುದ್ರೆ ಎದ್ದು ಕಾಣ್ತಿತ್ತಲ್ಲ? ಆವತ್ತೇ ಈ ಮೂರು ಸಾಲು ಬರೆಯೋಕೆ ಏನಾಗಿತ್ತೋ ನಿನಗೆ?”

ಗೊತ್ತಿತ್ತು. ಫೋನ್ ಇನ್ನೂ ಕಿವಿಯಲ್ಲೇ ಇದೆ, ಅವಳು ಕಾಯುತ್ತಿದ್ದಾಳೆ, ನಾನು ಮಾತಾಡುವ ಬದಲು ಇಲ್ಲಿ ಬರೆಯುತ್ತಾ ಕೂತಿದ್ದೇನೆ. ಏನಾಗಿತ್ತು ಅಂದರೆ, ಅಕ್ಕಾ, ಆವತ್ತು ನನಗೆ ನನ್ನ ವಾಕ್ಯ ಚೆನ್ನಾಗಿ ಕಂಡಿತ್ತು, ಅಷ್ಟೇ.