ನಿಂಗವ್ವನ ಒಲೆಗೆ ಕೆಂಡ

ಖಾನಾಪುರ ದಂಡೆ
ಮಾರ್ಚ್ ಮೂವತ್ತೆರಡು, ೨೧೯೭

ಈ ನೆಲದಲ್ಲಿ ನಮಗಿಂತ ಮೊದಲು ಒಲೆ ಹೂಡಿದ ಹಿರಿಯರಿಗೆ ಕಲ್ಲವ್ವನ ಶರಣು.

ತಾರೀಖು ನೋಡಿ ಇವಳಿಗೆ ಅರುಳುಮರುಳು ಎನ್ನಬೇಡಿ. ಮಾರ್ಚ್ ಮುಗಿದು ಏಪ್ರಿಲ್ ಹುಟ್ಟುವ ನಡುವೆ ನಾವು ಒಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ ಹೊರಗಿಟ್ಟು, ಬರಹಕ್ಕೆ ಮಾತ್ರ ಮಾರ್ಚ್ ಮೂವತ್ತೆರಡು ಎನ್ನುತ್ತೇವೆ. ಅದು ಪಡೆ ಆರಿಸಿಕೊಳ್ಳುವ ದಿನ. ಈ ದಿನ ಮದುವೆ ಇಲ್ಲ, ಹುಟ್ಟುಹಬ್ಬವೂ ಇಲ್ಲ; ಇವತ್ತು ಹುಟ್ಟಿದ ಕೂಸನ್ನು ನಿನ್ನೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಹದಿನೆಂಟು ತುಂಬಿದ ಮಕ್ಕಳು ಸಂಜೆಯೊಳಗೆ ಯಾವ ಪಡೆ ಎಂದು ಹೇಳಬೇಕು, ಮನೆಯ ಹಿರಿಯರು ಹಿಂದಿನವರಿಗೊಂದು ಪತ್ರ ಬರೆಯಬೇಕು. ತಲುಪುತ್ತದೆಯೇ ಎಂದು ಕೇಳುವ ರೂಢಿ ಇಲ್ಲ. ನನ್ನ ಕನ್ನಡ ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕಡಲು ನೋಡಲು ಘಟ್ಟ ಇಳಿದು ಗೋವೆಗೆ ಹೋಗುತ್ತಿದ್ದಿರಂತೆ. ಈಗ ಕಡಲೇ ಘಟ್ಟದ ಬುಡಕ್ಕೆ ಬಂದಿದೆ. ನಮ್ಮ ಓಣಿ ಅಂಚಿನ ಮೇಲಿದೆ. ಕೆಳಗಿನ ದೋಣಿಕಟ್ಟೆಗೆ ತೂಗುಬುಟ್ಟಿಯಲ್ಲಿ, ಅಂದರೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿಯಲ್ಲಿ ಇಳಿಯುತ್ತೇವೆ. ನಮ್ಮ ಸಿಹಿನೀರಿನ ತೊಟ್ಟಿಗಳನ್ನು ದೋಚಲು ತೇಲುದಂಡಿನವರು ಬರುತ್ತಾರೆ. ನೆಲವಿಲ್ಲದೆ ದೋಣಿಯ ಮೇಲೇ ಹುಟ್ಟಿ ಸಾಯುವ ಜನ ಅವರು. ನೀರಡಿಸಿ ಬರುತ್ತಾರೆಂದು ಗೊತ್ತು, ಆದರೆ ಬಂದೂಕು ಹಿಡಿದೇ ಬರುತ್ತಾರೆ. ಅವರನ್ನು ತಡೆಯಲು ನಮಗೆ ಮೂರು ಪಡೆಗಳು. ನೆಲಪಡೆಯವರು ತಡೆಗೋಡೆ ಕಟ್ಟಿ ಕಾಯುತ್ತಾರೆ, ಹೆಚ್ಚಿನವರು ಸಂಜೆ ಮನೆಗೆ ಬಂದು ಉಣ್ಣುತ್ತಾರೆ. ಮುಗಿಲುಪಡೆಯವರು ಗಾಳಿಬಂಡಿಯಲ್ಲಿ ಕೂತು ಮೇಲಿನಿಂದ ನೋಡುತ್ತಾರೆ. ನಾನು ಅದರಲ್ಲಿದ್ದೆ, ಒಂದು ಮೊಣಕಾಲನ್ನು ಅಲ್ಲೇ ಕಳೆದುಕೊಂಡು ಬಂದೆ. ನೀರುಪಡೆಯವರು ದೋಣಿ ನಡೆಸುತ್ತಾರೆ. ದೋಣಿ ಮರಳಿದಾಗ ಕಟ್ಟೆಯಲ್ಲಿ ಕೊಂಬು ಊದುತ್ತಾರೆ, ಒಂದೊಂದು ದೋಣಿಗೂ ಅದರದೇ ಕೂಗು. ಕೊಂಬು ಕೇಳಿದರೆ ಇಡೀ ಓಣಿ ಮಾತು ನಿಲ್ಲಿಸುತ್ತದೆ, ರೊಟ್ಟಿ ಬಡಿಯುವ ಕೈಗಳೂ ನಿಲ್ಲುತ್ತವೆ.

ಹಿಂದೊಮ್ಮೆ ಒಂದೇ ಮನೆಯ ಮೂವರು ಒಂದೇ ದೋಣಿಯಲ್ಲಿ ಮುಳುಗಿದರು. ಅಂದಿನಿಂದ ಒಂದೇ ಒಲೆಯ ಅಡುಗೆ ಉಣ್ಣುವ ಇಬ್ಬರು ಒಂದೇ ಪಡೆಗೆ ಹೋಗುವಂತಿಲ್ಲ. ನಮ್ಮ ಜನ ಬಿಟ್ಟಾರೆಯೇ? ಅಧಿಕಾರಿಗಳು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಇಬ್ಬರು ಮಕ್ಕಳನ್ನೂ ನೆಲಪಡೆಗೇ ಸೇರಿಸಲು ಹಿತ್ತಿಲಲ್ಲಿ ಇನ್ನೊಂದು ಒಲೆ ಹೂಡಿ, ಮಕ್ಕಳು ಬೇರೆಯಾದರು ಎನ್ನತೊಡಗಿದರು. ಪಕ್ಕದ ಮನೆಯ ದುಂಡಪ್ಪ ಹೊಸ ಒಲೆ ಹಳೆಯದಾಗಿ ಕಾಣಲೆಂದು ಕಾಡಿಗೆ ಬಳಿದಿದ್ದ. ಮುಟ್ಟಿ ನೋಡಲು ಬಂದ ಅಧಿಕಾರಿ ಅದೇ ಕೈಯಿಂದ ಮೀಸೆ ತಿರುವಿ ಮುಖವೆಲ್ಲ ಕಪ್ಪು ಮಾಡಿಕೊಂಡ. ನಗು ಬಂದರೂ ಅಂದಿನಿಂದ ನಿಯಮ ಬಿಗಿಯಾಯಿತು. ಬೇರೆಯಾಗುವ ಮಕ್ಕಳಿಗೆ ತಾಯಿಯೇ ಓಣಿಯವರ ಎದುರು ತನ್ನ ಒಲೆಯ ಕೆಂಡ ಕೊಡಬೇಕು. ಮುಂದೆ ಅವರು ಸೇವೆ ಮುಗಿಯುವ ತನಕ ತಾಯಿಯ ಒಲೆಯ ಊಟ ಮುಟ್ಟಬಾರದು, ಅವರ ಒಲೆಯೂ ನಂದಬಾರದು. ನಂದಿದರೆ ಬೇರೆಯಾದದ್ದು ಸುಳ್ಳೆಂದು ಪಡೆಯಿಂದ ಮನೆಗೆ ಕಳಿಸುತ್ತಾರೆ. ಕೆಂಡ ಕೊಡಲು ಮನಸ್ಸಿಲ್ಲದ ತಾಯಿ ತನ್ನ ಒಲೆಗೆ ನೀರು ಸುರಿಯಬಹುದು. ಹಾಗೆ ನಂದಿಸಿದ ಒಲೆಯನ್ನು ಮರುದಿನದ ತನಕ ಹೊತ್ತಿಸುವಂತಿಲ್ಲ, ಅಷ್ಟರಲ್ಲಿ ಈ ದಿನ ಮುಗಿದಿರುತ್ತದೆ.

ನನ್ನ ಮಗ ಅಡಿವೆಪ್ಪ ನೀರುಪಡೆಯಲ್ಲಿದ್ದಾನೆ. ಇದ್ದಾನೆ ಎಂದೇ ಬರೆಯುತ್ತೇನೆ. ಅಮಾವಾಸ್ಯೆಗೆ ಹೋದ ಅವನ ದೋಣಿಯ ಕೊಂಬು ಇನ್ನೂ ಕೇಳಿಲ್ಲ. ಇಂದು ಅವನ ತಂಗಿ ನಿಂಗವ್ವನ ಸರದಿ. ನೆಲಪಡೆ ಸೇರು ಎಂದು ವರ್ಷದಿಂದ ಬಡಕೊಂಡಿದ್ದೇನೆ. ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ತನ್ನದೇ ಒಲೆಗೆ ಮಣ್ಣು ಮೆತ್ತುತ್ತಿದ್ದಳು.

“ಯವ್ವಾ, ಕೆಂಡ ಕೊಡು. ಅಣ್ಣನ್ನ ಹುಡುಕಾಕ ನೀರಿಗಿಳಿಯೋರು ಬೇಕು, ಗ್ವಾಡಿ ಕಟ್ಟೋರಲ್ಲ” ಎಂದಳು.

“ಈಗ ಮನ್ಯಾಗ ಇರಾಕಿ ನೀ ಒಬ್ಬಾಕಿ. ನಿನ್ನೂ ನೀರಿಗೆ ಕೊಟ್ಟು ನಾ ಯಾರ ಮಾರಿ ನೋಡ್ಲಿ?”

“ನನ್ನ ಮಾರಿ ನೋಡಿದಾಗೆಲ್ಲ ನೀ ಅವನ್ನ ಹುಡುಕ್ತಿ. ನನಗೇನ್ ಗೊತ್ತಾಗೂದಿಲ್ಲಂತ ತಿಳದೀಯೇನು?”

ಸಿಟ್ಟು ಬಂತು. ಒಳಗೆ ಬಂದು ತಂಬಿಗೆ ತುಂಬ ನೀರು ತುಂಬಿ ಒಲೆಯ ಪಕ್ಕ ಇಟ್ಟುಕೊಂಡು ನಿಮಗೆ ಬರೆಯಲು ಕೂತೆ. ನಿಂಗಿ ಕೆಂಡ ಒಯ್ಯಲು ಹಂಚಿನ ಚೂರು ಹಿಡಿದು ಹೊಸ್ತಿಲಲ್ಲಿ ಕೂತಿದ್ದಾಳೆ. ಓಣಿಯವರು ಅಂಗಳದಲ್ಲಿ ನೆರೆದಿದ್ದಾರೆ. ಬಿಸಿಲು ಇಳಿಯುತ್ತಿದೆ. ನನ್ನ ಒಂದು ಕೈ ಬರೆಯುತ್ತಿದೆ, ಇನ್ನೊಂದು ತಂಬಿಗೆಯ ಕಂಠದ ಮೇಲಿದೆ. ಇವಳನ್ನು ಉಳಿಸಿಕೊಳ್ಳಲು ಒಂದು ತಂಬಿಗೆ ನೀರು ಸಾಕು. ಏಳುತ್ತೇನೆ.

ಬಿಟ್ಟಲ್ಲಿಂದ ಬರೆಯುತ್ತೇನೆ. ಎದ್ದು ತಂಬಿಗೆಯನ್ನು ಒಲೆಯ ಮೇಲೆ ಎತ್ತಿ ಹಿಡಿದಿದ್ದೆ, ಆಗ ಕೆಳಗೆ ಕೊಂಬು ಕೂಗಿತು. ಅಡಿವೆಪ್ಪನ ದೋಣಿಯದು ಎರಡು ಉದ್ದ ಕೂಗು. ಮೊದಲನೆಯದು ಹಾಗೆಯೇ ಉದ್ದಕ್ಕೆ ಬಂತು. ಎರಡನೆಯದು ಗಿಡ್ಡಕ್ಕೆ ಮುರಿಯಿತು. ಬೇರೆ ಯಾರದೋ ದೋಣಿ. ನಿಂಗಿಯನ್ನು ನೋಡಿದೆ. ಹಂಚಿನ ಚೂರನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗೈ ಕೊಯ್ದು ರಕ್ತ ಬಂದಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಇವಳನ್ನು ಗೋಡೆಯ ಮೇಲೆ ನಿಲ್ಲಿಸಿದರೆ ಬದುಕಿಡೀ ಕೊಂಬಿಗೆ ಕಿವಿಗೊಟ್ಟೇ ನಿಲ್ಲುತ್ತಾಳೆ, ನನ್ನ ಹಾಗೆ. ಮುಗಿಲಿನಿಂದ ನಾನು ಮುಳುಗುವವರನ್ನು ಎಷ್ಟೋ ಸಲ ಕಂಡಿದ್ದೇನೆ. ಜಾಗ ತೋರಿಸುತ್ತಿದ್ದವರು ನಾವು, ಜುಟ್ಟು ಹಿಡಿದು ಎತ್ತುತ್ತಿದ್ದವರು ನೀರಿನವರು.

ತಂಬಿಗೆಯ ನೀರನ್ನು ಪಾತ್ರೆಗೆ ಸುರಿದು ರೊಟ್ಟಿಯ ಎಸರಿಗೆ ಇಟ್ಟೆ. ಹಂಚಿನ ಚೂರಿನ ಮೇಲೆ ಕೆಂಡ ಹಾಕಿದೆ. ಹರಸುವ ಮಾತು ಹೇಳಬೇಕಿತ್ತು, ಬಾಯಿಗೆ ಬಂದದ್ದು ಬೈಗುಳ.

“ಹೋಗು, ಮೊಂಡಿ. ಹೋಗಿ ಅವನ್ನ ಕಿವಿ ಹಿಡದು ಕರಕೊಂಡು ಬಾ.”

“ಎರಡೂ ಕಿವಿ ಹಿಡದು ತರ್ತೀನಿ” ಎಂದು ಅತ್ತಳು.

ಕಾದ ಎಸರನ್ನು ಅವಳೇ ಒಯ್ದು, ಹಿಟ್ಟು ನಾದಿ, ತನ್ನ ಒಲೆಯಲ್ಲಿ ಮೊದಲ ರೊಟ್ಟಿ ಸುಟ್ಟಳು. ಅಂಚು ಹರಿದಿತ್ತು, ನಡುವೆ ಹಸಿ. ಅದನ್ನು ನನಗೇ ಕೊಟ್ಟಳು. ಮಗಳ ಒಲೆಯದನ್ನು ತಾಯಿ ಉಣ್ಣಬಾರದೆಂದು ಯಾವ ನಿಯಮವೂ ಹೇಳುವುದಿಲ್ಲ. ಓಣಿಯವರ ಎದುರೇ ಕೂತು ಪೂರ್ತಿ ತಿಂದೆ. ಆಮೇಲೆ ಅವಳು ನೀರುಪಡೆ ಎಂದು ಹೇಳಿ ತೂಗುಬುಟ್ಟಿ ಹತ್ತಿದಳು. ಬುಟ್ಟಿ ಕಣ್ಮರೆಯಾದ ಮೇಲೂ ಹಗ್ಗ ಬಹಳ ಹೊತ್ತು ಕಿರುಗುಟ್ಟುತ್ತಿತ್ತು.

ನಿಮ್ಮ ಮನೆಗಳಲ್ಲೂ ಮಕ್ಕಳು ಯಾವ ಪಡೆ ಸೇರಲಿ ಎಂದು ಕೇಳುತ್ತಿರಬಹುದು, ನೀವೂ ಅಳೆದು ಸುರಿದು ನೋಡುತ್ತಿರಬಹುದು. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ನನ್ನದೊಂದೇ ಕೋರಿಕೆ. ಈಗ ಮನೆಯಲ್ಲಿ ಎರಡು ಒಲೆಗಳಿವೆ, ಅವಳದನ್ನೂ ಕಾಯುವವಳು ನಾನೇ. ಒಂದು ದಿನ ಕಟ್ಟಿಗೆ ಹಾಕದೆ ಸುಮ್ಮನೆ ಮಲಗಿದರೆ ಸಾಕು, ನನ್ನ ಮಗಳು ಮನೆಗೆ ಬರುತ್ತಾಳೆ. ಮುದುಕಿ ಮರೆತಳು ಎಂದುಕೊಳ್ಳುತ್ತಾರೆ, ಯಾರೂ ಬೈಯುವುದಿಲ್ಲ. ದಿನಾ ಬೆಳಿಗ್ಗೆ ಆ ಒಲೆಯ ಮುಂದೆ ಕೂತಾಗ ನನ್ನ ಕೈ ಕಟ್ಟಿಗೆಯ ಕಡೆಗೇ ಹೋಗಲಿ ಎಂದು ಹರಸಿ.

ಇಂತಿ,
ಕಲ್ಲವ್ವ